ಕಟ್ಟಿ ಬೆಳೆಸಿದ ತಲೆ: ಆಂಡೀಸ್ ಪರ್ವತದ ಹಳೆಯ ರೂಢಿ ಮತ್ತು ಮಕ್ಕಳ ಆರೋಗ್ಯ

ದಕ್ಷಿಣ ಪೆರುವಿನ ಕೋಲ್ಕಾ ಕಣಿವೆಯಲ್ಲಿ ಸ್ಪೇನಿನ ಅಧಿಕಾರಿಯಾಗಿದ್ದ ಹ್ವಾನ್ ದೆ ಉಲ್ಯೋವಾ ಮೊಗೊಲ್ಯೋನ್ 1586ರಲ್ಲಿ ತನ್ನ ಸೀಮೆಯ ಬಗ್ಗೆ ಒಂದು ವರದಿ ಬರೆದ. ಬೆಳೆ, ನೀರು, ಭಾಷೆಗಳ ಜೊತೆಗೆ ಅಲ್ಲಿನವರ ತಲೆಯ ಆಕಾರವನ್ನೂ ಅದರಲ್ಲಿ ದಾಖಲಿಸಿದ. ಕಣಿವೆಯ ಮೇಲ್ಭಾಗದ ಕೊಲ್ಯಾಗ್ವಾ ಜನರದು ನೀಳವಾಗಿ ಮೇಲಕ್ಕೆ ಚೂಪಾಗುವ ತಲೆ. ಕೆಳಭಾಗದ ಕವಾನಾ ಜನರದು ಚಪ್ಪಟೆಯಾಗಿ ಅಗಲವಾದ ತಲೆ. ಕೊಲ್ಯಾಗ್ವಾಗಳ ಪೂರ್ವಜರು ಹೊರಬಂದದ್ದು ಕೊಲ್ಯಾಗ್ವಾತಾ ಎಂಬ ಅಗ್ನಿಪರ್ವತದಿಂದ ಎಂಬುದು ಅವರ ನಂಬಿಕೆ. ಮಕ್ಕಳ ತಲೆಯೂ ಆ ಬೆಟ್ಟದ ಹಾಗೇ ಇರಲಿ ಎಂದು ಹಸುಗೂಸಿದ್ದಾಗಲೇ ಬಿಗಿದು ಕಟ್ಟುತ್ತಿದ್ದರು. ಕವಾನಾಗಳ ಮೂಲಬೆಟ್ಟ ಹ್ವಾಲ್ಕಾ ಹ್ವಾಲ್ಕಾ. ಬೆಟ್ಟ ಬೇರೆ, ಹಾಗಾಗಿ ತಲೆಯೂ ಬೇರೆ. ಒಂದೇ ಕಣಿವೆಯಲ್ಲಿ ಎದುರಿಗೆ ಬಂದವರು ಯಾವ ಕಡೆಯವರೆಂದು ಮಾತಾಡಿಸದೆಯೇ ತಿಳಿಯುತ್ತಿತ್ತು.

ಇಂಥ ತಲೆಬುರುಡೆಯ ಚಿತ್ರ ಕಂಡವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮೂಳೆ ಹೀಗೆ ಬಗ್ಗುವುದು ಹೇಗೆ? ಪಾಪ, ಆ ಮಗುವಿಗೆ ಏನೂ ಆಗಲಿಲ್ಲವೆ? ಮೊದಲನೆಯದಕ್ಕೆ ಶರೀರಶಾಸ್ತ್ರದ ನೇರವಾದ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಹುಡುಕಹೊರಟರೆ ಅರ್ಧ ಮಾತ್ರ ಮೂಳೆಯಲ್ಲಿ ಸಿಗುತ್ತದೆ. ಉಳಿದರ್ಧ ಆ ಊರಿನ ನೆರೆಹೊರೆಯಲ್ಲಿ, ಅಡುಗೆಮನೆಯಲ್ಲಿ, ಜಗಳಗಳಲ್ಲಿ ಇದೆ.

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಗಟ್ಟಿ ಚಿಪ್ಪಲ್ಲ. ತೆಳುವಾದ ಹಲವು ಮೂಳೆಯ ಫಲಕಗಳು ಅಕ್ಕಪಕ್ಕ ನಿಂತಿರುತ್ತವೆ. ಅವುಗಳ ನಡುವಿನ ಸೇರುಗೆರೆಗಳಲ್ಲಿ ಮೂಳೆಯಿಲ್ಲ, ನಾರಿನಂಥ ಅಂಗಾಂಶವಿದೆ. ಹಣೆಯ ಮೇಲ್ಗಡೆ ಮೆತ್ತಗೆ ಮಿಡಿಯುವ ಜಾಗವನ್ನೇ ನಮ್ಮ ಮನೆಗಳಲ್ಲಿ ನೆತ್ತಿ ಎನ್ನುವುದು. ಬಾಣಂತನದಲ್ಲಿ ಅಜ್ಜಿಯರು ಎಣ್ಣೆ ತಟ್ಟುವುದು ಅಲ್ಲಿಗೇ. ಹಿಂದಲೆಯ ಸಣ್ಣ ನೆತ್ತಿ ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಮುಂದಿನದು ಕೂಡಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು. ಸೇರುಗೆರೆಗಳು ಪೂರ್ತಿ ಬೆಸೆದುಕೊಳ್ಳುವುದಂತೂ ದೊಡ್ಡವರಾದ ಮೇಲೆ. ಈ ಸಡಿಲಿಕೆ ಹೆರಿಗೆಗೂ ಬೇಕು, ಮೆದುಳಿನ ಬೆಳವಣಿಗೆಗೂ ಬೇಕು. ಮಗುವಿನ ಮೆದುಳು ಮೊದಲ ವರ್ಷದಲ್ಲೇ ಎರಡು ಪಟ್ಟು ದಾಟಿ ಬೆಳೆಯುತ್ತದೆ. ಎರಡು ವರ್ಷದ ಹೊತ್ತಿಗೆ ದೊಡ್ಡವರ ಗಾತ್ರದ ಮುಕ್ಕಾಲು ಪಾಲು ಮುಟ್ಟುತ್ತದೆ. ಒಳಗಿನಿಂದ ಅದು ತಳ್ಳಿದಂತೆ ಫಲಕಗಳು ದೂರ ಸರಿಯುತ್ತವೆ, ಅಂಚಿನಲ್ಲಿ ಹೊಸ ಮೂಳೆ ಕಟ್ಟುತ್ತದೆ.

ಆಂಡೀಸ್‌ನ ತಾಯಂದಿರು ಬಳಸಿಕೊಂಡದ್ದು ಈ ತಳ್ಳುವಿಕೆಯನ್ನೇ. ಪಡವಲಕಾಯಿ ಸುರುಳಿಯಾಗದೆ ನೆಟ್ಟಗೆ ಇಳಿಯಲೆಂದು ತುದಿಗೆ ಕಲ್ಲು ಕಟ್ಟುತ್ತೇವಲ್ಲ, ಕಾಯಿ ಬೆಳೆಯುತ್ತಿರುವಾಗ ಮಾತ್ರ ಆ ಕಲ್ಲಿಗೆ ಕೆಲಸ. ತಲೆಯ ವಿಷಯವೂ ಹಾಗೆಯೇ. ಪಟ್ಟಿ ಮೂಳೆಯನ್ನು ಜಜ್ಜುವುದಿಲ್ಲ. ಒಂದು ದಿಕ್ಕಿಗೆ ತಡೆ ಒಡ್ಡುತ್ತದೆ, ಬೆಳವಣಿಗೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಅದಕ್ಕೇ ಹುಟ್ಟಿದ ಕೆಲವೇ ದಿನ ವಾರಗಳಲ್ಲಿ ಕಟ್ಟಲು ಶುರುಮಾಡಬೇಕು, ತಿಂಗಳುಗಟ್ಟಲೆ ಬಿಡದೆ ಇರಿಸಬೇಕು, ತಲೆ ದೊಡ್ಡದಾದಂತೆ ಬಿಚ್ಚಿ ಮತ್ತೆ ಕಟ್ಟಬೇಕು. ಬೇಗ ಬಿಟ್ಟರೆ ಬೆಳೆಯುವ ತಲೆ ಮತ್ತೆ ಗುಂಡಗಾಗತೊಡಗುತ್ತದೆ. ದೊಡ್ಡವರಾದ ಮೇಲೆ ಎಷ್ಟು ಬಿಗಿದರೂ ಏನೂ ಆಗದು. ಅಂದರೆ ತಮ್ಮ ತಲೆಯ ಆಕಾರವನ್ನು ಯಾರೂ ತಾವಾಗಿ ಆಯ್ದುಕೊಳ್ಳುವಂತಿರಲಿಲ್ಲ, ಬೆಳೆದ ಮೇಲೆ ಬದಲಿಸಿಕೊಳ್ಳುವಂತೆಯೂ ಇರಲಿಲ್ಲ. ಬಟ್ಟೆ, ಟೋಪಿ, ಜಡೆ ಬದಲಿಸಬಹುದು, ಇದನ್ನಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಕಟ್ಟುವ ಬಗೆ ಊರಿಂದೂರಿಗೆ ಬೇರೆ. 1930ರ ದಶಕದಲ್ಲಿ ಅರ್ಜೆಂಟೀನಾದ ವಿದ್ವಾಂಸ ಹೊಸೆ ಇಂಬೆಲ್ಯೋನಿ ಮಾಡಿದ ವಿಂಗಡಣೆಯೇ ಚಿಕ್ಕಪುಟ್ಟ ತಿದ್ದುಪಡಿಯೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಒಂದು ಹಲಗೆಯ ಬಗೆ: ಹಣೆಗೊಂದು, ಹಿಂದಲೆಗೊಂದು ಹಲಗೆ ಅಥವಾ ಗಟ್ಟಿ ಮೆತ್ತೆ ಇಟ್ಟು ಹಗ್ಗದಿಂದ ಬಿಗಿಯುವುದು. ಹಿಂದೆ ಮುಂದೆ ತಡೆ ಬಿದ್ದು ತಲೆ ಪಕ್ಕಗಳಿಗೆ ಹರಡುತ್ತದೆ. ಇನ್ನೊಂದು ಸುತ್ತುಪಟ್ಟಿಯ ಬಗೆ: ನೇಯ್ದ ಪಟ್ಟಿಯನ್ನು ತಲೆಯ ಸುತ್ತ ಹಲವು ಸುತ್ತು ಸುತ್ತುವುದು. ಎಲ್ಲ ಪಕ್ಕವೂ ಮುಚ್ಚಿ ಮೇಲಕ್ಕೆ ಮತ್ತು ಹಿಂದಕ್ಕೆ ಮಾತ್ರ ದಾರಿ ಉಳಿಯುವುದರಿಂದ ತಲೆ ನೀಳವಾಗುತ್ತದೆ. ಎರಡರಲ್ಲೂ ನೆಟ್ಟಗಿನದು, ಓರೆಯದು ಎಂಬ ಒಳಬಗೆಗಳಿವೆ. ಇಂಕಾ ರಾಜಮನೆತನದ ತಾಯಿಗೆ ಹುಟ್ಟಿದ ಗಾರ್ಸಿಲಾಸೊ ದೆ ಲಾ ವೇಗಾ 1609ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಂದಿನ ಈಕ್ವೆಡಾರ್ ಕರಾವಳಿಯವರ ಹಲಗೆ ಪದ್ಧತಿಯನ್ನು ಬಣ್ಣಿಸಿದ್ದಾನೆ: ಹಲಗೆಗಳನ್ನು ದಿನದಿನಕ್ಕೂ ಇನ್ನಷ್ಟು ಬಿಗಿ ಮಾಡುತ್ತ ಮಗುವಿಗೆ ನಾಲ್ಕೈದು ವರ್ಷವಾಗುವವರೆಗೆ ಮುಂದುವರಿಸುತ್ತಿದ್ದರಂತೆ. ಇನ್ನು ಕೆಲವು ಬುರುಡೆಗಳ ಹಿಂಭಾಗ ಸುಮ್ಮನೆ ಚಪ್ಪಟೆಯಾಗಿರುತ್ತದೆ. ಕೂಸನ್ನು ಗಟ್ಟಿ ತೊಟ್ಟಿಲು ಹಲಗೆಗೆ ಕಟ್ಟಿ ಮಲಗಿಸಿದ್ದರಿಂದ ಆದದ್ದು ಅದು, ಯಾರೂ ಬೇಕೆಂದು ಮಾಡಿದ್ದಲ್ಲ. ಸಂಶೋಧಕರು ಎರಡನ್ನೂ ಬೇರ್ಪಡಿಸಲು ಹಣೆಯ ಮೇಲಿನ ಒತ್ತುಗುರುತು, ನೆತ್ತಿಯ ಹಿಂದಿನ ಅಡ್ಡ ತಗ್ಗು, ಪಟ್ಟಿ ಹಾದುಹೋದ ಜಾಡು ಇವೆಲ್ಲ ಒಟ್ಟಿಗೆ ಇವೆಯೇ ಎಂದು ನೋಡುತ್ತಾರೆ.

ರೂಢಿ ಹಳೆಯದು, ಹರಹು ದೊಡ್ಡದು. ಎಲ್ಲರಿಗಿಂತ ಹೆಸರಾದದ್ದು ಪೆರುವಿನ ದಕ್ಷಿಣ ಕರಾವಳಿಯ ಪಾರಾಕಾಸ್. 1927ರಲ್ಲಿ ಪೆರುವಿನ ಪುರಾತತ್ವಜ್ಞ ಹೂಲಿಯೊ ಟೆಲ್ಯೊ ಮತ್ತು ಅವರ ಸಹಾಯಕರು ಅಲ್ಲಿನ ವಾರಿ ಕಾಯಾನ್ ಎಂಬಲ್ಲಿ 429 ಶವಗಂಟುಗಳನ್ನು ಹೊರತೆಗೆದರು. ಎರಡು ಸಾವಿರ ವರ್ಷದಷ್ಟು ಹಳೆಯ, ಕಸೂತಿ ತುಂಬಿದ ಬಟ್ಟೆಗಳಲ್ಲಿ ಸುತ್ತಿದ ದೇಹಗಳವು. ಟಿಟಿಕಾಕಾ ಸರೋವರದ ಬಳಿಯ ತಿವಾನಾಕು ನಗರದ ಕಥೆ ಇನ್ನೂ ಕುತೂಹಲದ್ದು. ಸಂಶೋಧಕಿ ಡೆಬೊರಾ ಬ್ಲಾಮ್ ಅವರ ಅಧ್ಯಯನದಂತೆ ಸರೋವರದ ಪಕ್ಕದ ಕತಾರಿ ಕಣಿವೆಯಲ್ಲಿ ಸುತ್ತುಪಟ್ಟಿಯ ತಲೆಗಳು, ದೂರದ ತಗ್ಗುಸೀಮೆ ಮೊಕೆಗ್ವಾದಲ್ಲಿ ಹಲಗೆಯ ತಲೆಗಳು. ರಾಜಧಾನಿಯಲ್ಲಿ ಮಾತ್ರ ಎರಡೂ ಬಗೆ ಬೆರೆತಿವೆ. ನಾನಾ ಕಡೆಯ ಜನ ಬಂದು ನೆಲೆಸಿದ ಪಟ್ಟಣದ ಲಕ್ಷಣವೇ ಇದಲ್ಲವೆ?

ಪಾರಾಕಾಸ್‌ನ ಬುರುಡೆಗಳು ಅನ್ಯಗ್ರಹದವರವು ಎಂಬ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ಭ್ರಮೆ ಹೊಸದಲ್ಲ, ವೇಷ ಮಾತ್ರ ಹೊಸದು. 1839ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ ಇಂಥ ಬುರುಡೆಗಳನ್ನು ಕಂಡು, ಹುಟ್ಟಿನಿಂದಲೇ ಉದ್ದ ತಲೆಯಿದ್ದ ಪ್ರಾಚೀನ ಜನಾಂಗವೊಂದಿತ್ತು ಎಂದು ಬರೆದಿದ್ದ. ಆಮೇಲೆ ಮಾತು ಹಿಂತೆಗೆದುಕೊಂಡ. ಆತ ತಪ್ಪು ಒಪ್ಪಿಕೊಂಡ ಮೇಲೂ ಮಾತು ಸಾಯಲಿಲ್ಲ. ದಕ್ಷಿಣ ಪೆರುವಿನ ಪಾಲ್ಪಾ ಪ್ರದೇಶದ, ಪಾರಾಕಾಸ್ ಮತ್ತು ಅದರ ನಂತರದ ನಾಸ್ಕಾ ಕಾಲದ ಅಸ್ಥಿಗಳಿಂದ ತೆಗೆದ ಡಿಎನ್‌ಎ ಅಮೆರಿಕದ ಮೂಲನಿವಾಸಿಗಳಲ್ಲಿ ಸಾಮಾನ್ಯವಾದ ತಾಯಿವಂಶಗಳನ್ನೇ ತೋರಿಸಿದೆ. ಅದೇ ಸಮಾಧಿನೆಲಗಳಲ್ಲಿ ಕಟ್ಟದ ತಲೆ, ಸ್ವಲ್ಪ ಕಟ್ಟಿದ ತಲೆ, ಪೂರ್ತಿ ನೀಳವಾದ ತಲೆ ಎಲ್ಲವೂ ಸಿಗುತ್ತವೆ. ಅನ್ಯಗ್ರಹದ ಕಥೆ ಹೇಳುವವರು ಮೊದಲೆರಡನ್ನು ತೋರಿಸುವುದಿಲ್ಲ.

ಈಗ ಆರೋಗ್ಯಕ್ಕೆ ಬರೋಣ. ಎಲ್ಲರಿಗೂ ಮೊದಲ ಭಯ ಮೆದುಳಿನದು. ಕಟ್ಟಿದ ಮತ್ತು ಕಟ್ಟದ ಬುರುಡೆಗಳ ಒಳಗಾತ್ರ ಹೋಲಿಸಿದಾಗ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ. ಮೆದುಳಿಗೆ ಜಾಗ ಕಡಿಮೆಯಾಗಲಿಲ್ಲ, ಜಾಗದ ಆಕಾರ ಬದಲಾಯಿತು. ವೈದ್ಯರು ಹೆದರುವ ಒಂದು ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ನೆನಪಿಡಬೇಕು. ಕೆಲವು ಮಕ್ಕಳಲ್ಲಿ ಸೇರುಗೆರೆಗಳು ಕಾಲಕ್ಕೆ ಮುಂಚೆಯೇ ಬೆಸೆದುಬಿಡುತ್ತವೆ. ಬೆಳೆಯುವ ಮೆದುಳಿಗೆ ಜಾಗ ಸಾಲದೆ ಒಳಗಿನ ಒತ್ತಡ ಏರುವ ಸಂಭವವಿದ್ದು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕಟ್ಟಿದ ತಲೆಯಲ್ಲಿ ಸೇರುಗೆರೆಗಳು ತೆರೆದೇ ಇರುತ್ತವೆ. ಒಂದು ಕಡೆ ತಡೆದರೂ ಇನ್ನೊಂದು ಕಡೆ ಹಾದಿ ಉಳಿದಿರುತ್ತದೆ. ಮಕ್ಕಳು ಬದುಕಿ, ಬೆಳೆದು, ಮುದುಕರಾಗಿ ಸತ್ತದ್ದರ ಗುಟ್ಟು ಇದು.

ಹಾಗಾದರೆ ಬುದ್ಧಿಗೆ ಏನೂ ಆಗಲಿಲ್ಲವೆ? ಪಾರಾಕಾಸ್‌ನವರ ಕಸೂತಿಯನ್ನೋ ತಿವಾನಾಕುವಿನ ಕಲ್ಲುಕಟ್ಟಡವನ್ನೋ ತೋರಿಸಿ, ಇಷ್ಟು ಮಾಡಿದವರ ಬುದ್ಧಿಗೆ ಧಕ್ಕೆಯಾಗಿರಲು ಸಾಧ್ಯವೆ ಎಂದು ಕೇಳುವವರಿದ್ದಾರೆ. ವಾದ ಆಕರ್ಷಕ, ಆದರೆ ಜೊಳ್ಳು. ಒಂದು ಸಮಾಜ ಚೆನ್ನಾಗಿ ನಡೆಯಿತೆಂದರೆ ಅದರಲ್ಲಿನ ಪ್ರತಿ ಮಗುವೂ ಚೆನ್ನಾಗಿತ್ತೆಂದು ಅರ್ಥವಲ್ಲ. ಮೂಳೆ ಬುದ್ಧಿಮಟ್ಟವನ್ನು ಬರೆದಿಡುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಶತಮಾನಗಟ್ಟಲೆ ಮನೆಮನೆಯಲ್ಲಿ ನಡೆದ ಈ ರೂಢಿ ದೊಡ್ಡ ಪ್ರಮಾಣದಲ್ಲಿ ಮಕ್ಕಳನ್ನು ಮಂಕು ಮಾಡುತ್ತಿದ್ದರೆ ಅದು ಅಷ್ಟು ಕಾಲ ಬಾಳುತ್ತಿರಲಿಲ್ಲ.

ನಿಜವಾದ ಗಾಯ ಕಾಣುವುದು ಹಿಂದಲೆಯಲ್ಲಿ. ಕತ್ತಿನ ಮೇಲೆ, ಬುರುಡೆಯ ಹಿಂಬದಿಯ ಉಬ್ಬಿಗಿಂತ ತುಸು ಮೇಲೆ, ಪೆರು ಕರಾವಳಿಯ ಅನೇಕ ಬುರುಡೆಗಳಲ್ಲಿ ಒಂದು ತಗ್ಗು ಇದೆ. ಯಾರೋ ಉಪಕರಣದಿಂದ ಕೆರೆದು ಚಿಕಿತ್ಸೆ ಮಾಡಿದ ಗುರುತಿರಬೇಕು ಎಂಬ ಊಹೆಯೂ ಹಿಂದೆ ಇತ್ತು. ಹಲಗೆ ಅಥವಾ ಮೆತ್ತೆ ಬಿಗಿಯಾಗಿ ಕೂರುವ ಜಾಗವೇ ಅದು ಎಂದು ಗಮನಿಸಿದ ಮೇಲೆ ಬೇರೆ ವಿವರಣೆ ಬಲವಾಯಿತು. ಒಂದೇ ಕಡೆ ಸತತ ಒತ್ತಿದರೆ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಸತ್ತು ಹುಣ್ಣಾಗುತ್ತದೆ. ಹಾಸಿಗೆ ಹಿಡಿದವರ ಬೆನ್ನಿಗಾಗುವ ಹುಣ್ಣು ಇದೇ ಜಾತಿಯದು. ಹುಣ್ಣು ಆಳಕ್ಕಿಳಿದರೆ ಕೆಳಗಿನ ಮೂಳೆಯ ಪದರವೂ ಸಾಯುತ್ತದೆ. ದೊಡ್ಡವರ ಬುರುಡೆಯಲ್ಲಿ ಆ ತಗ್ಗು ನುಣುಪಾಗಿ ಮಾಗಿರುವುದು ಎಷ್ಟೋ ಕಡೆ ಕಾಣುತ್ತದೆ, ಅಂದರೆ ಗಾಯವಾಯಿತು, ಮಗು ಬದುಕಿತು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಲಿಮಾ ನಗರದ ಬಳಿಯ ಚಿಲ್ಯೋನ್ ನದಿ ಕಣಿವೆಯಲ್ಲಿ ಸಿಕ್ಕ ಮಗುವೊಂದರ ಹಿಂದಲೆಯ ಮೂಳೆಯಲ್ಲಿ ಮಾಗದ ಸೋಂಕಿನ ಗುರುತುಗಳಿದ್ದವು. ತಲೆ ಕಟ್ಟಿದ್ದರಿಂದಾದ ಹುಣ್ಣೇ ಅದರ ಸಾವಿಗೆ ಕಾರಣ ಎಂದು ಅದನ್ನು ಪರೀಕ್ಷಿಸಿದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು.

ಉಳಿದ ಬದಲಾವಣೆಗಳು ಇಷ್ಟು ಗಂಭೀರವಲ್ಲ. ಹಿಂದಲೆಯ ಸೇರುಗೆರೆಯಲ್ಲಿ ಚಿಕ್ಕ ಚಿಕ್ಕ ಹೆಚ್ಚುವರಿ ಮೂಳೆತುಣುಕುಗಳು ಕಟ್ಟಿದ ತಲೆಗಳಲ್ಲಿ ಹೆಚ್ಚು. ಹಲಗೆ ಪದ್ಧತಿಯಲ್ಲಿ ಮುಖ ತುಸು ಅಗಲ, ಪಟ್ಟಿ ಪದ್ಧತಿಯಲ್ಲಿ ತುಸು ಕಿರಿದು. ಒಳಮೈಯಲ್ಲಿ ರಕ್ತನಾಳಗಳು ಮೂಡಿಸಿದ ಜಾಡು ಬೇರೆ ದಾರಿ ಹಿಡಿದಿರುತ್ತದೆ. ಇವುಗಳಿಂದ ಬದುಕಿಗೆ ತೊಡಕಾಯಿತೆಂದು ಹೇಳಲು ಆಧಾರವಿಲ್ಲ.

ಮಗುವಿಗೆ ನೋವಾಗುತ್ತಿತ್ತೆ? ಹುಣ್ಣಾಗುವಷ್ಟು ಬಿಗಿದಾಗ ಖಂಡಿತ ಆಗಿರಬೇಕು. 1653ರಲ್ಲಿ ತನ್ನ ಬೃಹತ್ ಗ್ರಂಥ ಮುಗಿಸಿದ ಪಾದ್ರಿ ಬೆರ್ನಾಬೆ ಕೋಬೊ, ಈ ಹಿಂಸೆಯಿಂದ ಎಷ್ಟೋ ಮಕ್ಕಳು ಸಾಯುತ್ತಿದ್ದರೆಂದು ಬರೆದ. ಅವನ ಮಾತನ್ನು ತೂಗಿ ನೋಡಬೇಕು. ಅವನು ಬರೆಯುವ ಹೊತ್ತಿಗೆ ರೂಢಿಗೆ ನಿಷೇಧ ಬಿದ್ದು ಬಹಳ ಕಾಲವಾಗಿತ್ತು. ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ಟೊಲೆಡೊ 1570ರ ದಶಕದಲ್ಲೇ ಮಕ್ಕಳ ತಲೆ ಬಿಗಿಯಬಾರದೆಂದು ಆಜ್ಞೆ ಹೊರಡಿಸಿದ್ದ, ಮುಂದಿನ ದಶಕದಲ್ಲಿ ಲಿಮಾದ ಚರ್ಚೂ ಅದನ್ನೇ ವಿಧಿಸಿತು. ಮಕ್ಕಳ ಮೇಲಿನ ಕನಿಕರ ಒಂದೇ ಕಾರಣವಲ್ಲ. ಬೆಟ್ಟವನ್ನು ಪೂರ್ವಜನೆಂದು ತಲೆಯ ಮೇಲೇ ಹೊತ್ತು ತಿರುಗುವ ಜನ ಚರ್ಚಿನ ಕಣ್ಣಿಗೆ ವಿಗ್ರಹಾರಾಧಕರು. ಹಾಗೆಂದು ಕೋಬೊ ಹೇಳಿದ್ದೆಲ್ಲ ಸುಳ್ಳೆಂದು ತಳ್ಳಿಹಾಕಲೂ ಆಗದು, ಚಿಲ್ಯೋನ್ ಕಣಿವೆಯ ಮಗು ಸಾಕ್ಷಿಯಾಗಿದೆ.

ಇದುವರೆಗಿನದು ಮೂಳೆಯ ಲೆಕ್ಕ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನದು: ತಲೆ ಕಟ್ಟಿಸಿಕೊಂಡವರು ದೊಡ್ಡವರಾದ ಮೇಲೆ ಹೇಗೆ ಬಾಳಿದರು?

ಮತ್ತೆ ಕೋಲ್ಕಾ ಕಣಿವೆಗೆ ಹೋಗೋಣ. ಸಂಶೋಧಕ ಮ್ಯಾಥ್ಯೂ ವೆಲಾಸ್ಕೊ ಅಲ್ಲಿನ ಕೊಲ್ಯಾಗ್ವಾ ಸಮಾಧಿಗಳ ಇನ್ನೂರಕ್ಕೂ ಹೆಚ್ಚು ಬುರುಡೆಗಳನ್ನು ಅಭ್ಯಾಸ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲ ಸುಮಾರು 1100ರಿಂದ 1450, ಇಂಕಾ ಸಾಮ್ರಾಜ್ಯ ಆ ಕಡೆ ಬರುವ ಮುಂಚಿನದು. 1300ಕ್ಕೆ ಮೊದಲು ಹತ್ತರಲ್ಲಿ ನಾಲ್ಕು ತಲೆಗಳನ್ನು ಕಟ್ಟಲಾಗಿತ್ತು, ಆಕಾರಗಳು ಹಲವು ಬಗೆ. ಆಮೇಲೆ ಆ ಪ್ರಮಾಣ ನಾಲ್ಕರಲ್ಲಿ ಮೂರರ ಹತ್ತಿರಕ್ಕೆ ಏರಿತು, ನೀಳ ತಲೆಯೇ ಮೇಲುಗೈ ಪಡೆಯಿತು. ಅಕ್ಕಪಕ್ಕದವರೊಂದಿಗೆ ಕದನ ಹೆಚ್ಚಿದ ಆ ದಿನಗಳಲ್ಲಿ ಊರಿನ ಪ್ರಮುಖರ ಮನೆತನಗಳು ಒಂದೇ ಗುರುತಿನಡಿ ಒಗ್ಗೂಡಿದವು ಎಂಬುದು ಅವರ ವಿವರಣೆ. ಮೂಳೆಯಲ್ಲಿನ ಇಂಗಾಲ ಮತ್ತು ಸಾರಜನಕದ ಐಸೊಟೋಪುಗಳನ್ನು ಅಳೆದರೆ ಯಾರು ಎಷ್ಟು ಮೆಕ್ಕೆಜೋಳ ತಿಂದರು, ಯಾರಿಗೆ ಮಾಂಸ ಸಿಕ್ಕಿತು ಎಂಬುದರ ಸುಳಿವು ಸಿಗುತ್ತದೆ. ಆ ಪರೀಕ್ಷೆಯಲ್ಲಿ, ತಲೆ ಕಟ್ಟಿಸಿಕೊಂಡ ಹೆಂಗಸರ ಊಟ ಇತರ ಹೆಂಗಸರ ಊಟಕ್ಕಿಂತ ವೈವಿಧ್ಯದ್ದಾಗಿತ್ತು. ತಲೆಗೆ ಪೆಟ್ಟು ಬಿದ್ದ ಗುರುತೂ ಅವರಲ್ಲಿ ಕಡಿಮೆ. ಹಸುಗೂಸಿದ್ದಾಗ ಅನುಭವಿಸಿದ ಬಿಗಿತ ಮುಂದೆ ಅವರಿಗೆ ಕಾವಲಾದಂತೆ ಕಾಣುತ್ತದೆ.

ಉತ್ತರಕ್ಕೆ ಆಂದಾವಾಯ್ಲಾಸ್ ಸೀಮೆಯಲ್ಲಿ ಇದೇ ಕಾಲದ ಕಥೆ ತಿರುವುಮುರುವು. ವಾರಿ ಎಂಬ ದೊಡ್ಡ ರಾಜ್ಯ ಸುಮಾರು 1000ದ ಹೊತ್ತಿಗೆ ಕುಸಿದ ಮೇಲೆ ಅಲ್ಲಿನ ಚಾಂಕಾ ಜನರಲ್ಲಿ ತಲೆ ಕಟ್ಟುವ ರೂಢಿ ಥಟ್ಟನೆ ಹಬ್ಬಿತು. ಅಲ್ಲಿ ಕಟ್ಟಿದ ತಲೆಗಳ ಮೇಲೇ ಪೆಟ್ಟು ಹೆಚ್ಚು, ಜೀವ ತೆಗೆದಂಥ ಪೆಟ್ಟುಗಳೂ ಸೇರಿ. ಯಾರನ್ನು ಹೊಡೆಯಬೇಕೆಂದು ಹುಡುಕುವವರಿಗೆ ತಲೆಯೇ ದೂರದಿಂದ ಗುರುತು ಹೇಳುತ್ತಿತ್ತು. ಈ ಗುರುತನ್ನು ಕಳಚಿಡಲಾಗದು ಎಂದು ಆಗಲೇ ಹೇಳಿದೆನಲ್ಲ, ಅದರ ಬೆಲೆ ತೆತ್ತವರು ಇವರು.

ಒಂದೇ ರೂಢಿ, ಒಂದೇ ವಯಸ್ಸಿನಲ್ಲಿ ಕಟ್ಟುವುದು. ಒಂದು ಕಣಿವೆಯಲ್ಲಿ ಅದು ಊಟ ಹಾಕಿತು, ಇನ್ನೊಂದರಲ್ಲಿ ಕೊಡಲಿಯ ಏಟಿಗೆ ಒಡ್ಡಿತು. ತಲೆ ಕಟ್ಟುವುದು ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಎಲ್ಲಕ್ಕೂ ಒಂದೇ ಉತ್ತರ ಕೇಳುವವರಿಗೆ ಆಂಡೀಸ್ ಉತ್ತರ ಕೊಡುವುದಿಲ್ಲ.

ಈ ಲೆಕ್ಕಗಳಲ್ಲಿ ಒಂದು ಬಿರುಕಿದೆ. ಸಮಾಧಿಯಲ್ಲಿ ಸಿಗುವವರು ಸತ್ತವರು, ಬದುಕಿದವರ ಸರಾಸರಿ ಅವರಲ್ಲ. ಹಸುಗೂಸಿನ ತೆಳು ಬುರುಡೆ ಮಣ್ಣಿನಲ್ಲಿ ಉಳಿಯುವುದೇ ಕಷ್ಟ, ಆದ್ದರಿಂದ ಕಟ್ಟಿದ್ದರಿಂದಲೇ ಸತ್ತ ಕೂಸುಗಳು ಎಣಿಕೆಗೆ ಸಿಗದೆ ಹೋಗುತ್ತವೆ. 1992ರಲ್ಲಿ ಸಂಶೋಧಕ ಜೇಮ್ಸ್ ವುಡ್ ಮತ್ತು ಸಂಗಡಿಗರು ಎತ್ತಿ ಹೇಳಿದ ಇನ್ನೊಂದು ತೊಡಕೂ ಇದೆ. ಕಾಯಿಲೆಯ ಗುರುತು ಮೂಳೆಯಲ್ಲಿ ಮೂಡಲು ರೋಗಿ ಕೆಲಕಾಲ ಬದುಕಿರಬೇಕು. ಕಣ್ಣುಗೂಡಿನ ಮೇಲ್ಭಾಗದಲ್ಲಿ ರಕ್ತಹೀನತೆಯ ಸೂಚನೆಯಾದ ಸಣ್ಣ ರಂಧ್ರಗಳು, ಹಲ್ಲಿನ ಎನಾಮಲ್ ಮೇಲೆ ಬಾಲ್ಯದ ಹಸಿವು ಕಾಯಿಲೆಗಳು ಬಿಟ್ಟ ಅಡ್ಡಗೆರೆಗಳು ಇದ್ದವನು ಗಟ್ಟಿಗನೇ ಇರಬಹುದು. ಯಾವ ಗುರುತೂ ಇಲ್ಲದವನು ಮೊದಲ ಜ್ವರಕ್ಕೇ ಹೋದವನಿರಬಹುದು. ಹಾಗಾಗಿ ಒಳ್ಳೆಯ ಸಂಶೋಧಕರು ಒಂದು ಗುರುತಿನ ಮೇಲೆ ತೀರ್ಪು ಕೊಡದೆ ಹಲ್ಲು, ಮೂಳೆ, ಆಹಾರ, ಸಮಾಧಿಯ ವಸ್ತು ಎಲ್ಲವನ್ನೂ ಜೋಡಿಸಿ ನೋಡುತ್ತಾರೆ.

ಮಗುವಿನ ತಲೆಯ ಈ ಮೆತ್ತನೆ ಸ್ವಭಾವ ಇಂದಿಗೂ ಹಾಗೇ ಇದೆ. ಹಠಾತ್ ಶಿಶುಮರಣ ತಡೆಯಲು ಕೂಸುಗಳನ್ನು ಅಂಗಾತ ಮಲಗಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಸಲಹೆ ಕೊಟ್ಟಿತು. ಸಾವುಗಳು ಬಹಳ ಇಳಿದವು, ಹಿಂದಲೆ ಚಪ್ಪಟೆಯಾದ ಮಕ್ಕಳು ಹೆಚ್ಚಿದರು. ಅದನ್ನು ಸರಿಪಡಿಸಲು ಬಂದ ಹೆಲ್ಮೆಟ್ ಕೆಲಸ ಮಾಡುವ ಬಗೆ ಹಳೆಯ ಪಟ್ಟಿಯದೇ: ಉಬ್ಬಿದ ಕಡೆ ತಡೆ, ಚಪ್ಪಟೆಯಾದ ಕಡೆ ಖಾಲಿ ಜಾಗ, ದಿನಕ್ಕೆ 23 ಗಂಟೆ ಧರಿಸುವುದು. ಆದರೆ ನೆದರ್ಲೆಂಡ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಲ್ಮೆಟ್ ತೊಟ್ಟ ಮಕ್ಕಳಿಗೂ ತೊಡದ ಮಕ್ಕಳಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲಿ ಹೆಲ್ಮೆಟ್ ಅಪರೂಪ. ಸಾಸಿವೆ ದಿಂಬು, ಎಣ್ಣೆನೀರಿನ ಹೊತ್ತಿನಲ್ಲಿ ಅಂಗೈಯಿಂದ ತಲೆ ಗುಂಡಗೆ ಒತ್ತುವುದು ಈಗಲೂ ಇವೆ. ದಿನಕ್ಕೆ ಕೆಲವು ನಿಮಿಷದ ಒತ್ತುವಿಕೆಯಿಂದ ಆಕಾರ ಬದಲಾಗದು, ಅದಕ್ಕೆ ತಿಂಗಳುಗಟ್ಟಲೆಯ ಬಿಡದ ತಡೆ ಬೇಕೆಂದು ಮೇಲೆ ನೋಡಿದೆವು. ಜೋರಾಗಿ ಒತ್ತಿದರೆ ಮಗುವಿಗೆ ನೋವಾಗುವುದು ಮಾತ್ರ ಖಚಿತ. ವರ್ಷದೊಳಗಿನ ಕೂಸಿಗೆ ದಿಂಬು ಉಸಿರುಗಟ್ಟುವ ಅಪಾಯದ್ದು, ಸಾಸಿವೆಯದಾದರೂ ಬೇಡ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಬೋರಲು ಮಲಗಿಸಿ ಆಡಿಸಿ, ಮಲಗಿಸುವಾಗ ತಲೆ ಯಾವಾಗಲೂ ಒಂದೇ ಕಡೆ ವಾಲದಂತೆ ನೋಡಿಕೊಳ್ಳಿ. ನೆತ್ತಿ ಉಬ್ಬಿ ನಿಂತರೆ, ಸೇರುಗೆರೆಯ ಮೇಲೆ ಗಟ್ಟಿ ಏಣು ಕೈಗೆ ಸಿಕ್ಕರೆ, ತಲೆ ಒಂದೇ ಕಡೆಗೆ ಸೊಟ್ಟಗಾಗುತ್ತ ಹೋದರೆ ಮನೆಮದ್ದಿಗೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.